ಸುಣ್ಣದಹಟ್ಟಿಯಲ್ಲಿ ಅರಾಜಕತೆ

ಕೊಟ್ರಯ್ಯನವರು ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡಿದವರಲ್ಲ. ಹೆಂಡತಿಗೆ ಆಡಿಲ್ಲ, ಹೆಂಡತಿಯ ಅಣ್ಣನಿಗೆ ಆಡಿಲ್ಲ, ತಕ್ಕಡಿ ಮುಟ್ಟಿ ತೂಗುವ ತರಕಾರಿಯವನಿಗಂತೂ ಆಡಿಯೇ ಇಲ್ಲ. ಅಂಥವರು ಐವತ್ತೆರಡನೆಯ ವಯಸ್ಸಿನಲ್ಲಿ, ರಾಜ ಬೇಡ, ಯಜಮಾನ ಬೇಡ, ಅಧ್ಯಕ್ಷ ಬೇಡ, ಸರ್ಕಾರವೂ ಬೇಡ ಎನ್ನುವ ಸಿದ್ಧಾಂತಕ್ಕೆ ಬಿದ್ದಿದ್ದಾರೆ ಎಂದರೆ ಊರಿನಲ್ಲಿ ಯಾರೂ ನಂಬಲಿಲ್ಲ. ಪೊಲೀಸರು ಮಾತ್ರ ನಂಬಿದರು.

ಹೊಸಪೇಟೆಯಿಂದ ಮರಿಯಮ್ಮನಹಳ್ಳಿಗೆ ಹೋಗುವ ಹೈವೇ ಮೇಲೆ ಸುಣ್ಣದಹಟ್ಟಿ ಎಂಬ ಊರು. ಕೊಟ್ರಯ್ಯನವರು ಅಲ್ಲಿಯ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು. ಮೇಲಿಂದ ವಿಚಾರಿಸಿಕೊಳ್ಳಲು ಅವರ ಕೆಳಗೆ ಯಾರೂ ಇರಲಿಲ್ಲ. ಎರಡು ಕಪಾಟು, ಒಂದು ಮೇಜು, ಮೂರು ಕುರ್ಚಿ. ಬೆಳಿಗ್ಗೆ ಐದಾರು ಜನ ಬಂದು ಪೇಪರಿನಲ್ಲಿ ತಮ್ಮ ತಮ್ಮ ರಾಶಿಗೆ ಏನು ಬರೆದಿದೆ ಎಂದು ನೋಡಿ, ಶನಿಯನ್ನು ಬೈದು ಹೋಗುತ್ತಿದ್ದರು. ಹತ್ತು ಗಂಟೆಗೆ ಹನುಮಣ್ಣ ಬರುತ್ತಿದ್ದ.

ಹನುಮಣ್ಣನಿಗೆ ಓದು ಬರುತ್ತಿರಲಿಲ್ಲ. ಬಂದಿದ್ದರೂ ಉಪಯೋಗವಿರಲಿಲ್ಲ. ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿ ಮೂವತ್ತು ವರ್ಷ ಕಲ್ಲು ಒಡೆದು ಆರಿಸಿ, ಕಣ್ಣಿನಲ್ಲಿ ಪೊರೆ ಬಂದು, ಎದುರಿಗೆ ನಿಂತಿರುವುದು ಎಮ್ಮೆಯೋ ಮನುಷ್ಯನೋ ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಅವನು ಬಂದು ಗ್ರಂಥಾಲಯದ ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಕೂತು, "ಅಯ್ನೋರ, ಏನರ ಓದ್ರಿ" ಎನ್ನುತ್ತಿದ್ದ. ಕೊಟ್ರಯ್ಯನವರು ಓದುತ್ತಿದ್ದರು. ಹೀಗೆ ಹತ್ತೊಂಬತ್ತು ವರ್ಷ ನಡೆದಿತ್ತು. ಹನುಮಣ್ಣ ಒಳಗೆ ಬಂದವನಲ್ಲ, ಕೊಟ್ರಯ್ಯನವರು ಕರೆದವರಲ್ಲ. ಇಬ್ಬರಿಗೂ ಅದು ತಪ್ಪೆಂದು ತೋರಿರಲಿಲ್ಲ. ಊರಿನ ರೀತಿ ಹಾಗಿತ್ತು.

ಆ ವರ್ಷಗಳಲ್ಲಿ ಚೀನಾದವರಿಗೆ ನಮ್ಮ ಗುಡ್ಡಗಳು ಬೇಕಾಗಿದ್ದವು. ಸಂಡೂರಿನ ಗುಡ್ಡ ಲಾರಿ ಹತ್ತಿ ಹಗಲೂ ರಾತ್ರಿ ಬಂದರಿಗೆ ಹೋಗುತ್ತಿತ್ತು. ಅದಿರಿನ ಕೆಂಪು ದೂಳಿಗೆ ಸುಣ್ಣದಹಟ್ಟಿಯ ಬಿಳಿ ಎತ್ತುಗಳು ಕೆಂದೆತ್ತುಗಳಾದವು. ಒಣಹಾಕಿದ ಪಂಚೆ ಕಾವಿಯಾಗಿ, ಸಂಸಾರಸ್ಥರೆಲ್ಲ ಸನ್ಯಾಸಿಗಳಂತೆ ಓಡಾಡಿದರು. ಅಷ್ಟಾಗಿದ್ದರೆ ನಗುತ್ತಾ ಇರಬಹುದಿತ್ತು. ಆದರೆ ಊರಿನ ಅರ್ಧ ಹೈವೇಯ ಈ ಕಡೆ, ನೀರಿನ ಟ್ಯಾಂಕು, ಶಾಲೆ, ಗ್ರಂಥಾಲಯ ಆ ಕಡೆ. ದಾಟುವುದೇ ಒಂದು ಕಂಟಕ. ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮಿರ್ಚಿ ಮಾರುವ ಯಮನಮ್ಮನ ಸೊಸೆ ಎರ್ರೆಮ್ಮ, ತುಂಬಿದ ಕೊಡ ಹೊತ್ತು ದಾಟುವಾಗ, ಲಾರಿಗೆ ಸಿಕ್ಕು ಹೋದಳು.

ಮಣ್ಣು ಮಾಡಿದ ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ಯಮನಮ್ಮ ಹೈವೇ ಮಧ್ಯೆ ಬಂದು ನಿಂತಳು. ಕೈಯಲ್ಲಿ ಸೊಸೆಯ ಕೆಂಪು ಲಂಗ. ಅದನ್ನು ಎತ್ತಿ ಹಿಡಿದಳು. ಲಾರಿಗಳು ನಿಂತವು. ಶಾಲೆಯ ಮಕ್ಕಳು, ಕೊಡ ಹೊತ್ತ ಹೆಂಗಸರು, ಎರಡು ಎಮ್ಮೆ, ಎಲ್ಲ ದಾಟಿದರು. ಮರುದಿನವೂ ನಿಂತಳು. ನಾಲ್ಕನೆಯ ದಿನ ಅವಳ ಮೊಣಕಾಲು ಊದಿತೆಂದು ಹನುಮಣ್ಣನ ಹೆಂಡತಿ ದುರ್ಗಕ್ಕ ಲಂಗ ಇಸಿದುಕೊಂಡಳು. ಆಮೇಲೆ ಅವರ ಓಣಿಯವರು, ಬೇರೆ ಓಣಿಗಳವರು ಒಬ್ಬೊಬ್ಬರಾಗಿ ಬಂದರು. ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ನಾಲ್ಕರಿಂದ ಆರು. ಸೋಮವಾರ ಯಮನಮ್ಮ, ಮಂಗಳವಾರ ಹನುಮಣ್ಣ, ಬುಧವಾರ ಕೊಟ್ರಯ್ಯನವರ ಮನೆಯ ಪಾಳಿ, ಹೀಗೆ. ಇದನ್ನು ಯಾರೂ ಬರೆದಿಡಲಿಲ್ಲ, ಯಾರೂ ಯಾರಿಗೂ ಹೇಳಲಿಲ್ಲ, ಒಂದು ದಿನವೂ ತಪ್ಪಲಿಲ್ಲ.

ಎಲ್ಲರಿಗಿಂತ ಚೆನ್ನಾಗಿ ಲಾರಿ ನಿಲ್ಲಿಸುತ್ತಿದ್ದವನು ಹನುಮಣ್ಣ. ಕಣ್ಣಿದ್ದವರಾದರೆ ಲಾರಿ ಹತ್ತಿರ ಬಂದಾಗ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವನಿಗೆ ಕಾಣುತ್ತಲೇ ಇರಲಿಲ್ಲ. ಸದ್ದು ಬಂದ ದಿಕ್ಕಿಗೆ ಲಂಗ ಚಾಚಿ ಕಂಬದ ಹಾಗೆ ನಿಂತುಬಿಡುತ್ತಿದ್ದ. ಮಂಗಳವಾರ ಬಂತೆಂದರೆ ಡ್ರೈವರುಗಳು ಅರ್ಧ ಫರ್ಲಾಂಗು ದೂರದಿಂದಲೇ ಬ್ರೇಕ್ ಹಾಕುತ್ತಿದ್ದರು.

ಕೊಟ್ರಯ್ಯನವರ ಮನೆಯ ಪಾಳಿಗೆ ನಿಲ್ಲುತ್ತಿದ್ದವರು ಅವರ ಹೆಂಡತಿ ಸಂಗಮ್ಮ. ಕೊಟ್ರಯ್ಯನವರಿಗೆ ಗ್ರಂಥಾಲಯದ ಹೊತ್ತು ಅಡ್ಡ ಬರುತ್ತಿತ್ತು. ಗ್ರಂಥಾಲಯಕ್ಕೆ ರಜೆ ಇದ್ದ ದಿನ ಅವರಿಗೆ ಸೊಂಟ ಹಿಡಿಯುತ್ತಿತ್ತು.

೨೦೦೭ರ ಬೇಸಿಗೆಯಲ್ಲಿ ಜಿಲ್ಲೆಯಿಂದ ಹಳೆಯ ಪುಸ್ತಕಗಳ ಒಂದು ಗಂಟು ಬಂತು. ಅದರಲ್ಲಿ ರಟ್ಟಿಲ್ಲದ, ಮೊದಲ ಹದಿನೆಂಟು ಪುಟಗಳಿಲ್ಲದ, ಕೊನೆಯ ಭಾಗವನ್ನು ಗೆದ್ದಲು ಆಗಲೇ ಓದಿ ಮುಗಿಸಿದ ಪುಸ್ತಕವೊಂದಿತ್ತು. ಬರೆದವರು ಯಾರೋ ತಿಳಿಯದು. ಉಳಿದ ಪುಟಗಳಲ್ಲಿ ಇದ್ದದ್ದು ಅರಾಜಕತಾವಾದದ ಚರಿತ್ರೆ. ಅರಾಜಕವೆಂದರೆ ದೊಂಬಿಯಲ್ಲ, ಅರಸನಿಲ್ಲದ ಬಾಳುವೆ. ಮನುಷ್ಯರು ದೊಣ್ಣೆಯ ಭಯವಿಲ್ಲದೆ, ಅಪ್ಪಣೆಯಿಲ್ಲದೆ, ಒಬ್ಬರಿಗೊಬ್ಬರು ಆಗಿ ಬದುಕಬಲ್ಲರು ಎಂದು ಆ ಪುಸ್ತಕ ಹೇಳುತ್ತಿತ್ತು. ರಷ್ಯಾದ ಒಬ್ಬ ರಾಜಮನೆತನದವನು ಹಿಮದ ನಾಡಿಗೆ ಹೋಗಿ, ಅಲ್ಲಿ ಪ್ರಾಣಿಗಳು ಹೊಡೆದಾಡುವುದಕ್ಕಿಂತ ಹೆಚ್ಚಾಗಿ ಒಂದಕ್ಕೊಂದು ನೆರವಾಗುವುದನ್ನು ಕಂಡು, ಅರಮನೆ ಬಿಟ್ಟು ಜೈಲು ಸೇರಿದ ಕಥೆ ಇತ್ತು. ಅಮೆರಿಕದಲ್ಲಿ ಎಂಟು ಗಂಟೆಯ ದುಡಿಮೆ ಕೇಳಿದ ಚಳವಳಿಯಲ್ಲಿ ನಾಲ್ವರು ಗಲ್ಲಿಗೇರಿದ ಕಥೆ ಇತ್ತು. ಅದನ್ನು ಕೇಳಿದ ದಿನ ಹನುಮಣ್ಣ ಬೆರಳು ಮಡಿಚಿ ಎಂಟರವರೆಗೆ ಎಣಿಸಿದ. ಆಮೇಲೆ, "ನಾವೂ ಒಮ್ಮಿ ಗಣ್ಯಾಗ ಕೇಳಿದ್ವಿರಿ. ಗಲ್ಲಿಗೆ ಹಾಕಲಿಲ್ಲ, ಕೆಲಸದಾಗಿಂದ ತಗದ್ರು. ನಮ್ಮ ಸಾಹೇಬ್ರು ಭಾಳ ಒಳ್ಳೇರು" ಎಂದ.

ಇದೇ ಸಿದ್ಧಾಂತದ ಹೆಸರಿನಲ್ಲಿ ಕೆಲವರು ಬಾಂಬು ಎಸೆದ ಅಧ್ಯಾಯವೂ ಒಂದಿತ್ತು. ಕೊಟ್ರಯ್ಯನವರು ಅದನ್ನು ಓದಿ ಬೆವರಿ, ಆ ಹನ್ನೆರಡು ಪುಟಗಳನ್ನು ಸೇರಿಸಿ ನಾಲ್ಕೂ ಕಡೆ ಸ್ಟೇಪ್ಲರ್ ಪಿನ್ನು ಹೊಡೆದರು.

ಅವರನ್ನು ಕೆಡಿಸಿದ್ದು ಸ್ಪೇನಿನ ಅಧ್ಯಾಯ. ಅಲ್ಲಿಯ ಒಂದು ದೊಡ್ಡ ಪಟ್ಟಣದಲ್ಲಿ ಕೆಲವು ತಿಂಗಳ ಕಾಲ ಜನ ಯಜಮಾನರಿಲ್ಲದೆ ಟ್ರಾಮ್ ಓಡಿಸಿದರಂತೆ, ಕಾರ್ಖಾನೆ ನಡೆಸಿದರಂತೆ, ದೊಡ್ಡವರಿಗೆ 'ನೀವು' ಎನ್ನುವುದನ್ನು ಬಿಟ್ಟು ಎಲ್ಲರೂ ಎಲ್ಲರಿಗೂ 'ನೀನು' ಎಂದರಂತೆ. ಕೊಟ್ರಯ್ಯನವರಿಗೆ ರೋಮಾಂಚನವಾಯಿತು. ಅವರು ನೇರವಾಗಿ ಪಂಚಾಯಿತಿ ಸೆಕ್ರೆಟರಿಯ ಎದುರಿಗೆ ಹೋಗಿ ನಿಂತು, ಉಸಿರು ಬಿಗಿಹಿಡಿದು, "ನೀ..." ಎಂದರು. ಸೆಕ್ರೆಟರಿ ತಲೆ ಎತ್ತಿ ನೋಡಿದರು. "ನೀವು ಊಟ ಮಾಡಿದ್ರೇನ್ರಿ ಸರ್?" ಎಂದು ಮುಗಿಸಿ ವಾಪಸ್ಸು ಬಂದರು.

ದೊಡ್ಡವರನ್ನು ಕೆಳಗಿಳಿಸುವುದು ತಮ್ಮಿಂದಾಗದ ಕೆಲಸ, ಉಳಿದವರನ್ನಾದರೂ ಮೇಲೆತ್ತೋಣ ಎಂದು ನಿರ್ಧರಿಸಿದರು. ಮನೆಗೆ ಹೋಗಿ, "ಸಂಗಮ್ಮನವರ, ಒಂದೀಟು ಚಾ ಕೊಡ್ತೀರೇನ್ರಿ?" ಎಂದರು.

ಸಂಗಮ್ಮ ಬಂದು ಹಣೆ ಮುಟ್ಟಿ ನೋಡಿದಳು. "ಜರ ಇಲ್ಲ. ಬಿಸಿಲಾಗ ಬಂದೀರಿ, ಮಜ್ಜಿಗಿ ಕುಡೀರಿ" ಎಂದಳು.

ಮರುದಿನ ಹತ್ತು ಗಂಟೆಗೆ ಹನುಮಣ್ಣ ಬಂದು ಹೊರಗಿನ ಕಲ್ಲಿನ ಮೇಲೆ ಕೂತಾಗ ಕೊಟ್ರಯ್ಯನವರು ಎದ್ದು ಬಾಗಿಲಿಗೆ ಬಂದು, "ಬರ್ರಿ, ಒಳಗ ಬರ್ರಿ. ಕುರ್ಚಿ ಮ್ಯಾಲ ಕುಂದ್ರಿ" ಎಂದರು.

ಹನುಮಣ್ಣ ಗಡಬಡಿಸಿ ಎದ್ದು, ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ. "ಯಾರ ಬಂದಾರ್ರಿ ಅಯ್ನೋರ? ನನಗ ಕಾಣಲಿಲ್ಲ ನೋಡ್ರಿ" ಎಂದು ತನ್ನ ಬೆನ್ನ ಹಿಂದಿದ್ದ ಖಾಲಿ ಬಯಲಿಗೆ ಕೈಮುಗಿದ.

ಕೊಟ್ರಯ್ಯನವರು ಹೊಸ್ತಿಲು ದಾಟಿ ಬಂದರು. ಅವನ ಕೈ ಹಿಡಿದು ಒಳಗೆ ಕರೆತಂದು ಕುರ್ಚಿಯ ಮೇಲೆ ಕೂಡಿಸಿದರು. ಹನುಮಣ್ಣ ಕುರ್ಚಿಯ ತುದಿಗೆ, ಟಿಕೆಟ್ ತೆಗೆಸದೆ ಬಸ್ಸಿನಲ್ಲಿ ಕೂತವನ ಹಾಗೆ ಕೂತ. ಆ ದಿನ ಇಬ್ಬರಿಗೂ ಓದು ತಲೆಗೆ ಹತ್ತಲಿಲ್ಲ. ಹೊರಡುವ ಮುಂಚೆ ಹನುಮಣ್ಣ ಕೇಳಿದ:

"ಅಯ್ನೋರ, ನಾವು ರಸ್ತ್ಯಾಗ ಪಾಳಿ ನಿಲ್ತೀವಲ್ರಿ. ಅಲ್ಲಿ ಯಾರೂ ಯಜಮಾನ ಇಲ್ಲ. ನಿಮ್ಮ ಪುಸ್ತಕದಾಗಿಂದು ಅದೇ ಏನು?"

ಕೊಟ್ರಯ್ಯನವರು ಕುರ್ಚಿಯಿಂದ ಹಾರಿ ನಿಂತರು. "ಅದೇ ಹನುಮಣ್ಣ! ಅದೇ ಅರಾಜಕತೆ! ಸ್ಪೇನ್‌ದಾಗ ಆತು, ಇಲ್ಲಿ ಆಗೇತಿ!"

"ಹಂಗಾರ ಸುಮ್ನಿರ್ರಿ," ಎಂದ ಹನುಮಣ್ಣ. "ಹೆಸರಿಟ್ರ ಆ ಹೆಸರು ಹಿಡದು ಕರ್ಯಾಕ ಯಾರರ ಬರ್ತಾರ."

ಸುಮ್ಮನಿರುವುದರಲ್ಲಿ ಐವತ್ತೆರಡು ವರ್ಷ ಪಳಗಿದ್ದ ಕೊಟ್ರಯ್ಯನವರಿಗೆ ಆ ಒಂದು ಸಲ ಅದು ಸಾಧ್ಯವಾಗಲಿಲ್ಲ. ಆಗಸ್ಟ್ ಹದಿನೈದಕ್ಕೆ ಪಂಚಾಯಿತಿ ಅಂಗಳದಲ್ಲಿ ಬಾವುಟ ಏರಿಸಿದ ಮೇಲೆ, ಪ್ರತಿ ವರ್ಷದ ಹಾಗೆ ಗ್ರಂಥಾಲಯದವರಿಗೂ ಎರಡು ಮಾತಾಡಲು ಹೇಳಿದರು. ಕೊಟ್ರಯ್ಯನವರು ಇಪ್ಪತ್ತು ನಿಮಿಷ ಮಾತಾಡಿದರು. "ನಮ್ಮ ಊರಲ್ಲಿ ಸಂಪೂರ್ಣ ಅರಾಜಕತೆ ನೆಲೆಸಿದೆ ಎಂದು ಹೇಳಲು ನನಗೆ ಹೆಮ್ಮೆ ಎನಿಸುತ್ತದೆ" ಎಂದು ಮುಗಿಸಿದರು. ಸೆಕ್ರೆಟರಿ ಚಪ್ಪಾಳೆ ತಟ್ಟಿದರು. ಅವರು ಕೇಳಿಸಿಕೊಂಡಿರಲಿಲ್ಲ.

ಕೇಳಿಸಿಕೊಂಡವನು ವಿಜಯಕುಮಾರ್, ಹೊಸಪೇಟೆಯ ಒಂದು ಸಂಜೆ ಪತ್ರಿಕೆಗೆ ಸುದ್ದಿ ಕಳಿಸುವವನು. ಪತ್ರಿಕೆಯ ಭಾಷೆಯಲ್ಲಿ ಅರಾಜಕತೆಗೆ ಇರುವುದು ಒಂದೇ ಅರ್ಥ. ಮರುದಿನ ಮೂರನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬಂತು: 'ಸುಣ್ಣದಹಟ್ಟಿಯಲ್ಲಿ ಅರಾಜಕತೆ! ಸರ್ಕಾರಿ ನೌಕರನಿಂದಲೇ ಬಹಿರಂಗ ಹೇಳಿಕೆ.'

ಮೊದಲು ಬಂದವನು ಕಂಪ್ಲಿಯಿಂದ ಸಂಗಮ್ಮನ ಅಣ್ಣ ಶಂಭುಲಿಂಗ. ರೈಸ್‌ಮಿಲ್ಲಿನ ಯಜಮಾನ, ತೂಕದ ಮನುಷ್ಯ. ಒಳಗೆ ಬಂದವನೇ ತಂಗಿಯನ್ನು ಹಿಡಿದುಕೊಂಡು, "ನಿನ್ನ ಗಂಡ ನಕ್ಸಲ್ ಸೇರ್ಯಾನಂತಲ್ಲವಾ!" ಎಂದ.

"ಅವರಾ?" ಎಂದಳು ಸಂಗಮ್ಮ. "ಮೊನ್ನಿ ಕಪಾಟಿನಾಗ ಇಲಿ ಕಂಡು ನನ್ನ ಕರದಾರ."

"ಹಂಗಾದ್ರ ಇದೇನು?" ಎಂದು ಪೇಪರ್ ಬಿಚ್ಚಿದ.

"ಮಾವ, ಅರಾಜಕತೆ ಅಂದ್ರ ಯಾರ ಮ್ಯಾಲೂ ಯಾರೂ ದರ್ಪ ಮಾಡಬಾರ್ದು ಅಂತ್ರಿ," ಎಂದರು ಕೊಟ್ರಯ್ಯ.

"ದರ್ಪ ಮಾಡ್ಲಿಲ್ಲಂದ್ರ ಮಿಲ್ಲು ಹೆಂಗ ನಡೀತದ?" ಎಂದು ಶಂಭುಲಿಂಗ ಕೇಳಿದ. ಅವನ ಮಟ್ಟಿಗೆ ಆ ತತ್ವಶಾಸ್ತ್ರ ಅಲ್ಲಿಗೆ ಸೋತಿತು. ಊಟ ಮಾಡಿ ಹೋದ.

ಅವನ ಹಿಂದೆಯೇ ಜೀಪು ಬಂತು. ಸಬ್‌ಇನ್‌ಸ್ಪೆಕ್ಟರ್ ಗ್ರಂಥಾಲಯದೊಳಗೆ ಬಂದು, ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಎಲ್ಲಿ ನಡದೈತ್ರಿ ಅರಾಜಕತೆ?" ಎಂದರು.

ಕೊಟ್ರಯ್ಯನವರು ಎದ್ದು ನಿಂತರು. ಅವರಿಗೆ ಸುಳ್ಳು ಹೇಳುವ ಧೈರ್ಯ ಇರಲಿಲ್ಲ. "ಹೈವೇ ಮ್ಯಾಲ್ರಿ ಸರ್. ಮುಂಜಾನಿ ಎಂಟರಿಂದ ಹತ್ತು, ಸಂಜಿ ನಾಕರಿಂದ ಆರು."

"ಟೈಮ್‌ಟೇಬಲ್ ಹಾಕ್ಕೊಂಡು ಮಾಡ್ತೀರೇನ್ರಿ?"

"ಹೌದ್ರಿ. ಪಾಳಿ ಮ್ಯಾಲ."

"ಲೀಡರ್ ಯಾರು?"

"ಯಾರೂ ಇಲ್ರಿ."

"ಇಲ್ಲ ಅಂದ್ರ? ಗುಡ್ಡದಾಗ ಅದಾನೇನು?"

"ಎಲ್ಲೂ ಇಲ್ರಿ ಸರ್. ಲೀಡರ್ ಇಲ್ಲದ್ದೇ ಇದರ ಮುಖ್ಯ ತತ್ವ ನೋಡ್ರಿ."

ಕಾನ್‌ಸ್ಟೇಬಲ್ ಬರೆದುಕೊಂಡ: 'ನಾಯಕ ತಲೆಮರೆಸಿಕೊಂಡಿದ್ದಾನೆ.'

"ಬಾವುಟ ಗೀವುಟ ಐತೇನು?"

"ಒಂದೈತ್ರಿ."

"ಯಾವ ಬಣ್ಣ?"

"ಕೆಂಪ್ರಿ."

ಸಬ್‌ಇನ್‌ಸ್ಪೆಕ್ಟರು ಕಾನ್‌ಸ್ಟೇಬಲ್ಲನ ಮುಖ ನೋಡಿದರು. ಕೊಟ್ರಯ್ಯನವರು ಗಾಬರಿಯಿಂದ, "ಲಂಗ್ರಿ ಸರ್ ಅದು! ಯಮನಮ್ಮನ ಸೊಸೀದು! ಆಕಿ ತೀರಿಕೊಂಡಾಳ್ರಿ!" ಎಂದರು. ಅಷ್ಟರಲ್ಲಿ ಕಾನ್‌ಸ್ಟೇಬಲ್ ಮೇಜಿನ ಮೇಲಿದ್ದ ಪುಸ್ತಕ ಎತ್ತಿಕೊಂಡಿದ್ದ. ನೂರೆಂಬತ್ತು ಪುಟದ ಪುಸ್ತಕದಲ್ಲಿ ಪಿನ್ನು ಹೊಡೆದ ಹನ್ನೆರಡು ಪುಟಗಳನ್ನಷ್ಟೇ ಉಗುರಿನಿಂದ ಬಿಡಿಸಿ ಓದಿದ. ಪುಸ್ತಕ ಜಪ್ತಿಯಾಯಿತು. ಎರಡು ದಿನದೊಳಗೆ ಹೊಣೆ ಯಾರದು ಎಂದು ಬರೆದುಕೊಡದಿದ್ದರೆ ಓಣಿಯವರೆಲ್ಲರ ಮೇಲೆ ಹೆದ್ದಾರಿ ತಡೆದ ಕೇಸು ಎಂದು ಹೇಳಿ ಜೀಪು ಹೋಯಿತು.

ಆಗ ಊರನ್ನು ಉಳಿಸಲು ಜಡೆಪ್ಪ ಮುಂದೆ ಬಂದ. ಜಡೆಪ್ಪ ಮೂರು ವರ್ಷದ ಹಿಂದೆ ಸೈಕಲ್ ಪಂಕ್ಚರ್ ಹಾಕುತ್ತಿದ್ದವನು. ಈಗ ಅವನ ಮೂರು ಟಿಪ್ಪರ್ ಗಣಿಗೆ ಓಡುತ್ತಿದ್ದವು, ಕೊರಳಲ್ಲಿ ಎಮ್ಮೆ ಕಟ್ಟುವಷ್ಟು ದಪ್ಪದ ಸರ ಇತ್ತು.

"ಸಾಹೇಬ್ರಿಗೆ ಬೇಕಾಗಿರೋದು ಒಂದು ಹೆಸರು," ಎಂದ. "ಒಂದು ಸಮಿತಿ ಮಾಡೂಣು. ನಾ ಅಧ್ಯಕ್ಷ ಆಗ್ತೀನಿ. ನಿಮಗ್ಯಾರಿಗೂ ತ್ರಾಸಿಲ್ಲ. ಅಯ್ನೋರ, ನಿಮ್ಮ ಅಕ್ಷರ ಚಂದ ಅದಾವು, ಬರೀರಿ."

ಲಾರಿ ನಿಲ್ಲಿಸುವ ಸಮಿತಿಗೆ ಲಾರಿಯವನೇ ಅಧ್ಯಕ್ಷನೇ ಎಂದು ಕೊಟ್ರಯ್ಯನವರಿಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳುವ ಅಭ್ಯಾಸ ಇರಲಿಲ್ಲ. ಜೀಪಿನ ಸದ್ದು ಇನ್ನೂ ಕಿವಿಯಲ್ಲಿತ್ತು. ಅವರು ಕೂತು, ದುಂಡಗಿನ ಅಕ್ಷರದಲ್ಲಿ, 'ಸುಣ್ಣದಹಟ್ಟಿ ರಸ್ತೆ ಸುರಕ್ಷಾ ಸಮಿತಿ'ಯ ಹದಿನಾಲ್ಕು ನಿಯಮ ಬರೆದರು. ಅನುಮತಿ ಇಲ್ಲದೆ ಯಾರೂ ವಾಹನ ತಡೆಯತಕ್ಕದ್ದಲ್ಲ. ಸಮವಸ್ತ್ರ ಧರಿಸಿದ ಸಿಬ್ಬಂದಿ ಮಾತ್ರ ನಿಲ್ಲತಕ್ಕದ್ದು. ಸ್ತ್ರೀಯರು ಹೆದ್ದಾರಿಯ ಮೇಲೆ ನಿಲ್ಲುವುದು ಶೋಭೆಯಲ್ಲ. ಅಧ್ಯಕ್ಷರು ಹೇಳಿದಂತೆ ಬರೆಯುತ್ತಾ ಹೋದರು. ಪದಾಧಿಕಾರಿಗಳ ಪಟ್ಟಿಯಲ್ಲಿ ತಮ್ಮ ಹೆಸರು ಬರದ ಹಾಗೆ ನೋಡಿಕೊಂಡರು. ಸಮಿತಿಯ ಸಾಮಾನಿನ ಪಟ್ಟಿಯಲ್ಲಿ 'ಕೆಂಪು ಬಟ್ಟೆ, ಒಂದು' ಎಂದು ಬರೆದವರೂ ಅವರೇ.

ಆ ಒಂದು ಕೆಂಪು ಬಟ್ಟೆಯನ್ನು ಜಡೆಪ್ಪ ಬೀರುವಿನಲ್ಲಿಟ್ಟು ಕೀಲಿ ಹಾಕಿದ. ಅವನ ಬೀಗರ ಕಡೆಯ ಒಬ್ಬನಿಗೆ ನೀಲಿ ಅಂಗಿ, ಟೋಪಿ, ಸೀಟಿ ಕೊಟ್ಟು ಹೈವೇ ಮೇಲೆ ನಿಲ್ಲಿಸಿದರು. ಅವನು ಸೀಟಿ ಊದಿದರೆ ದಾಟಬೇಕು, ಊದದಿದ್ದರೆ ನಿಲ್ಲಬೇಕು.

ಯಮನಮ್ಮ ಗ್ರಂಥಾಲಯಕ್ಕೆ ಬಂದಳು. "ಅಯ್ನೋರ, ನನ್ನ ಸೊಸಿ ಲಂಗ ಕೊಡಸ್ರಿ. ಜಡೆಪ್ಪನ್ನ ಕೇಳಿದ್ರ, ಅದೀಗ ಸಮಿತಿ ಆಸ್ತಿ ಅಂತಾನ. ಸಾಮಾನಿನ ಪಟ್ಟ್ಯಾಗ ಬರದೈತಂತ."

"ನೋಡೂಣ್ರಿ ಯಮನಮ್ಮ, ಮುಂದಿನ ಮೀಟಿಂಗಿನಾಗ..." ಎಂದರು ಕೊಟ್ರಯ್ಯ, ಮೇಜನ್ನು ನೋಡುತ್ತಾ.

"ನನಗ ರೀ ಅಂತ ಯಾಕ ಅಂತೀರಿ," ಎಂದಳು ಯಮನಮ್ಮ. "ಲಂಗ ಕೊಡಸ್ರಿ ಸಾಕು."

ಮೊದಲ ವಾರ ಸೀಟಿ ಚೆನ್ನಾಗಿ ಕೇಳಿಸಿತು. ಎರಡನೆಯ ವಾರದಿಂದ ಜಡೆಪ್ಪನ ಟಿಪ್ಪರುಗಳು ಬಂದಾಗ ಸೀಟಿಯವನು ಸಲಾಮು ಹೊಡೆದು ಬಿಡತೊಡಗಿದ. ಆಮೇಲೆ ಜಡೆಪ್ಪನ ಗೆಳೆಯರ ಲಾರಿಗಳು, ಗೆಳೆಯರ ಗೆಳೆಯರವು. ಜನ ದಂಡೆಯಲ್ಲಿ ಗುಂಪಾಗಿ ಕಾಯತೊಡಗಿದರು. ಮೊದಲು ಪಾಳಿ ನಿಲ್ಲುತ್ತಿದ್ದವರೇ ಈಗ, "ಸೀಟಿ ಊದ್ಲಿ ತಡಿ" ಎಂದು ನಿಲ್ಲುತ್ತಿದ್ದರು. ಕಾಯುವುದು ಬೇಗ ಅಭ್ಯಾಸವಾಗುತ್ತದೆ. ಹನುಮಣ್ಣ ಮಾತ್ರ ಮಂಗಳವಾರ ಎಂಟಕ್ಕೆ ಬಂದು ದಂಡೆಯಲ್ಲಿ ಕೈಕಟ್ಟಿ ನಿಂತು, ಹತ್ತಾದ ಮೇಲೆ ಗ್ರಂಥಾಲಯಕ್ಕೆ ಬರುತ್ತಿದ್ದ. ಪುಸ್ತಕ ಠಾಣೆಯಲ್ಲಿತ್ತು. ಆದರೂ ಬರುತ್ತಿದ್ದ, ಕುರ್ಚಿಯ ಮೇಲೆ ಕೂರುತ್ತಿದ್ದ, ಈಗ ಬೆನ್ನು ಆನಿಸಿ. "ನೆನಪಿದ್ದದ್ದೇ ಹೇಳ್ರಿ" ಎನ್ನುತ್ತಿದ್ದ.

ನವೆಂಬರಿನ ಒಂದು ಗುರುವಾರ ಹೊಸಪೇಟೆಯಲ್ಲಿ ಜಡೆಪ್ಪನಿಗೆ ಸನ್ಮಾನವಿತ್ತು. ಲಾರಿ ಮಾಲೀಕರೆಲ್ಲ ಸೇರಿ ರಸ್ತೆ ಸುರಕ್ಷೆಗಾಗಿ ಅವನು ಮಾಡಿದ ಸೇವೆಯನ್ನು ಮೆಚ್ಚಿ ಶಾಲು ಹೊದಿಸುವವರಿದ್ದರು. ಹಾರ ಹಿಡಿದುಕೊಳ್ಳಲು ಒಬ್ಬರು ಬೇಕೆಂದು ಸೀಟಿಯವನನ್ನೂ ಜೀಪಿನಲ್ಲಿ ಕರೆದುಕೊಂಡು ಹೋದ.

ಹತ್ತು ಗಂಟೆಗೆ ಹನುಮಣ್ಣ ಬಂದು ರಸ್ತೆಯ ದಂಡೆಯಲ್ಲಿ ನಿಂತ. ಸೀಟಿಯವನು ಇಲ್ಲವೆಂದು ಅವನಿಗೆ ಯಾರೂ ಹೇಳಲಿಲ್ಲ. ಹೇಳುವುದು ಈಗ ಯಾರ ಕೆಲಸವೂ ಆಗಿರಲಿಲ್ಲ. ಮೊದಲಾಗಿದ್ದರೆ ಹನುಮಣ್ಣ ತನ್ನ ಕಿವಿಯನ್ನು ಲಾರಿಯ ಸದ್ದಿಗೆ ಕೊಡುತ್ತಿದ್ದ. ಈಗ ಎರಡು ತಿಂಗಳಿಂದ ಸೀಟಿಗೆ ಕೊಟ್ಟಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಹೊಸಪೇಟೆಯ ಬಸ್ಸು ನಿಂತಿತ್ತು. ಜನ ಹತ್ತಿದ ಮೇಲೆ ಕಂಡಕ್ಟರ್ ರೈಟ್ ಎಂದು ಸೀಟಿ ಊದಿದ.

ಹನುಮಣ್ಣ ರಸ್ತೆಗಿಳಿದ.

ಬಾಣಲೆಯ ಮುಂದೆ ಕೂತಿದ್ದ ಯಮನಮ್ಮ ನೋಡಿದಳು, ಕೂಗಿದಳು, ಮಿರ್ಚಿ ಕರಿಯುವ ಜಾರೆ ಹಿಡಿದುಕೊಂಡೇ ಓಡಿದಳು. ಅವಳ ಮೊಣಕಾಲಿಗೆ ಅಷ್ಟು ವೇಗ ಇರಲಿಲ್ಲ.

ಗ್ರಂಥಾಲಯದಲ್ಲಿ ಕೊಟ್ರಯ್ಯನವರು ಕುರ್ಚಿಯ ಕೆಂಪು ದೂಳು ಒರೆಸಿ ಕಾಯುತ್ತಿದ್ದರು. ಹತ್ತೂಕಾಲಾಯಿತು. ಹನುಮಣ್ಣ ತಡಮಾಡಿದವನಲ್ಲ. ಹೊರಗೆ ಜನ ಓಡುವುದು ಕಾಣಿಸಿತು.

ಮಧ್ಯಾಹ್ನ ಪಂಚನಾಮೆಗೆ ಅದೇ ಸಬ್‌ಇನ್‌ಸ್ಪೆಕ್ಟರು ಬಂದರು. ಚಾಪೆ ಹೊದಿಸಿದ್ದ ದೇಹದ ಹತ್ತಿರ ಕಾನ್‌ಸ್ಟೇಬಲ್ ಅಳತೆ ಹಿಡಿದಿದ್ದ. ಕೊಟ್ರಯ್ಯನವರು ಜನರ ನಡುವಿನಿಂದ ಮುಂದೆ ಬಂದು, ಜೀವಮಾನದಲ್ಲಿ ಮೊದಲ ಬಾರಿಗೆ ಯಾರೂ ಕೇಳದೆ ತಾವಾಗಿ ಮಾತಾಡಿದರು.

"ಸರ್, ಇದಕ್ಕ ಹೊಣಿ ನಾನು. ನನ್ನ ಹೆಸರು ಬರಕೋರಿ."

"ನೀವೇನು ಲಾರಿ ನಡಸ್ತಿದ್ರೇನು?"

"ಇಲ್ರಿ. ಅವರು ಅವರ ಪಾಡಿಗೆ ಮಾಡ್ಕೊಂಡು ಹೊಂಟಿದ್ರು. ನಾನು ಅದಕ್ಕ ಹೆಸರಿಟ್ಟೆ, ಭಾಷಣ ಮಾಡ್ದೆ, ನಿಯಮ ಬರದೆ. ಅವನ್ನ ನಾನ ಕೊಂದೀನ್ರಿ."

ಸಬ್‌ಇನ್‌ಸ್ಪೆಕ್ಟರು ಕೆಟ್ಟ ಮನುಷ್ಯರೇನೂ ಅಲ್ಲ. ಕಾನ್‌ಸ್ಟೇಬಲ್ಲನ ಕೈಯಿಂದ ಸಮಿತಿಯ ಪಟ್ಟಿ ತೆಗೆದುಕೊಂಡು ಮೇಲಿಂದ ಕೆಳಗೆ ನಿಧಾನ ಓದಿದರು. "ಅಧ್ಯಕ್ಷರು ಊರಾಗ ಇದ್ದಿಲ್ಲ. ಸಿಬ್ಬಂದಿ ರಜಾದ ಮ್ಯಾಲ ಇದ್ದ. ನಿಮ್ಮ ಹೆಸರು ಇದರಾಗ ಎಲ್ಲೂ ಇಲ್ಲಲ್ರಿ," ಎಂದರು. "ಮನಿಗೆ ಹೋಗ್ರಿ. ತಪ್ಪು ಮಾಡಾಕೂ ಒಂದು ಹುದ್ದೆ ಬೇಕ್ರಿ."

ಕೊಟ್ರಯ್ಯನವರು ಮತ್ತೆ ಮತ್ತೆ ಬೇಡಿಕೊಂಡರು. ಯಾರೂ ಬರೆದುಕೊಳ್ಳಲಿಲ್ಲ.

ಮರುದಿನ ಚಟ್ಟಕ್ಕೆ ಹೆಗಲು ಕೊಡಲು ಕೊಟ್ರಯ್ಯನವರ ಕುಲದವರು ಯಾರೂ ಹನುಮಣ್ಣನ ಓಣಿಗೆ ಹೋಗಲಿಲ್ಲ. ಕೊಟ್ರಯ್ಯನವರು ಹೋದರು. ಗಿಡ್ಡ ಆಳು, ಉಳಿದ ಮೂವರ ಎತ್ತರಕ್ಕೆ ಸಮ ಬರದೆ ಚಟ್ಟ ಒಂದು ಕಡೆ ವಾಲಿತು. ಯಾರೋ ಒಂದು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಅವರ ಹೆಗಲಿಗಿಟ್ಟರು. ಸ್ಮಶಾನದಲ್ಲಿ ಜಡೆಪ್ಪ ಬಂದು, ನಿನ್ನೆಯ ಹಾರಗಳಲ್ಲಿ ದೊಡ್ಡದೊಂದನ್ನು ಹಾಕಿ, ಸಮಿತಿಗೆ ತುಂಬಲಾರದ ನಷ್ಟವಾಗಿದೆ ಎಂದು ಎರಡು ಮಾತು ಹೇಳಿದ.

ಭಾನುವಾರ ಕೊಟ್ರಯ್ಯನವರು ದುರ್ಗಕ್ಕನ ಮನೆಗೆ ಹೋದರು. ತಪ್ಪು ಒಪ್ಪಿಕೊಳ್ಳಲು ಅವರಿಗೆ ಉಳಿದಿದ್ದ ಕಚೇರಿ ಅದೊಂದೇ. ದುರ್ಗಕ್ಕ ಗೋಡೆಗೆ ಆನಿಸಿ ಕೂತಿದ್ದಳು. ಅವರು ಬಾಯಿ ತೆರೆಯುವ ಮೊದಲೇ ಕೇಳಿದಳು:

"ಅಯ್ನೋರ, ಆ ರಷ್ಯಾದ ರಾಜನ ಮಗ ಆಮ್ಯಾಲ ಏನಾದ?"

"ಯಾರ್ರಿ?"

"ನೀವು ಓದಿದ್ದು ಎಲ್ಲಾ ನಮ್ಮವ ದಿನಾ ಬಂದು ನನಗ ಹೇಳ್ತಿದ್ದ. ಆ ರಾಜನ ಮಗ ಅರಮನಿ ಬಿಟ್ಟು ಸಂಡೂರಿಗೆ ಬಂದು, ಇವರ ಸಂಗಾಟ ಗಣ್ಯಾಗ ಕಲ್ಲು ಆರಿಸಿದ್ನಂತ. ಭಾಳ ಒಳ್ಳೇ ಹುಡುಗಂತ. ರೊಟ್ಟಿ ಹಂಚ್ಕೊಂಡು ತಿಂತಿದ್ರಂತ. ಆಮ್ಯಾಲ ಏನಾತು ಅಂದ್ರ, ಅಯ್ನೋರು ಇನ್ನ ಓದಿಲ್ಲ ತಡಿ ಅಂದ. ಹೌದೇನ್ರಿ, ಅವ ಇಲ್ಲಿಗೆ ಬಂದಿದ್ನೇನು?"

ಕೊಟ್ರಯ್ಯನವರು ಹೇಳಬೇಕೆಂದು ಮೂರು ದಿನದಿಂದ ಕಟ್ಟಿಕೊಂಡು ಬಂದ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟರು.

"ಹೌದ್ರಿ," ಎಂದರು. "ಬಂದಿದ್ದ."

ದುರ್ಗಕ್ಕ ತಲೆಯಾಡಿಸಿದಳು. "ನಾಳಿಂದ ಯಮನಮ್ಮ ಮತ್ತ ರಸ್ತೆಗೆ ನಿಲ್ತಾಳಂತ. ಯಾರ ಏನರ ಅನ್ಲಿ ಅಂತಾಳ," ಎಂದಳು. "ನಾ ಹತ್ತ ದಿನ ಹೊರಗ ಬರಂಗಿಲ್ಲ. ಮಂಗಳವಾರದ ಪಾಳಿ ಅವಂದು. ಅವನ ಬದಲಿ ನೀವು ನಿಲ್ರಿ."

ಕೊಟ್ರಯ್ಯನವರಿಗೆ ಗ್ರಂಥಾಲಯದ ಹೊತ್ತು ನೆನಪಾಗಲಿಲ್ಲ, ಸೊಂಟವೂ ನೆನಪಾಗಲಿಲ್ಲ. "ಆಗ್ಲಿರಿ" ಎಂದರು.

ಮಂಗಳವಾರ ಎಂಟು ಗಂಟೆಗೆ ಹೋಗಿ ಹೈವೇ ನಡುವೆ ನಿಂತರು. ಬಟ್ಟೆ ಬೀರುವಿನಲ್ಲಿತ್ತು. ಕೀಲಿ ಕೇಳಲು ಯಾರೂ ಹೋಗಿರಲಿಲ್ಲ. ಸೀಟಿಯವನು ಆ ಗುರುವಾರದ ಮೇಲೆ ಬಂದಿರಲಿಲ್ಲ. ಕೊಟ್ರಯ್ಯನವರು ಎರಡೂ ಕೈ ಮೇಲೆತ್ತಿದರು. ಗಾಳಿ ಇರಲಿಲ್ಲ, ಆದರೂ ಪಂಚೆ ಹಾರಾಡುತ್ತಿತ್ತು. ದಂಡೆಯಲ್ಲಿ ಸಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಅದಿರು ತುಂಬಿದ ಲಾರಿ ದೊಡ್ಡದಾಗುತ್ತಾ, ಇನ್ನೂ ದೊಡ್ಡದಾಗುತ್ತಾ ಬಂದು, ಅವರ ಎದೆಗೆ ಮೂರು ಮೊಳ ದೂರದಲ್ಲಿ ಉಸ್ಸೆಂದು ನಿಂತಿತು.

ಮಕ್ಕಳು ದಾಟಿದರು. ಹೆಂಗಸರು ದಾಟಿದರು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಆ ಕಡೆ ಈ ಕಡೆ ಹುಡುಕಿದ. ಆಂಧ್ರದ ಕಡೆಯವನು. ಕಣ್ಣು ಕಾಣದ ತಾತ ಎಲ್ಲಿ, ಮಂಗಳವಾರ ಅವನದಲ್ಲವೇ ಎಂದು ತೆಲುಗಿನಲ್ಲಿ ಕೇಳಿದ. ಕೊಟ್ರಯ್ಯನವರಿಗೆ ತೆಲುಗು ಬರುತ್ತಿತ್ತು. ಎತ್ತಿದ ಕೈ ಎತ್ತಿದ ಹಾಗೇ, ಸುಮ್ಮನೆ ತಲೆ ಅಲ್ಲಾಡಿಸಿದರು. ಡ್ರೈವರ್ ಅವರ ಮುಖವನ್ನೇ ನೋಡಿದ. ಆಮೇಲೆ ಇಂಜಿನ್ ಆರಿಸಿ, ಹಿಂದಿನ ಲಾರಿಗಳು ಎಷ್ಟು ಹಾರ್ನ್ ಹೊಡೆದರೂ ಕೇಳಿಸದವನ ಹಾಗೆ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತುಬಿಟ್ಟ.

ಹತ್ತು ಗಂಟೆಯವರೆಗೆ ಕೊಟ್ರಯ್ಯನವರು ಕದಲಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸುಣ್ಣದಹಟ್ಟಿಯ ಗ್ರಂಥಾಲಯದ ಬಾಗಿಲು ಆ ದಿನ ತಡವಾಗಿ ತೆರೆಯಿತು. ಕೇಳುವವರು ಯಾರೂ ಇರಲಿಲ್ಲ.